ರಟ್ಟಿನ ಮೇಲಿನ ಗೂಬೆ

ರೋಡಾಳಿಗೆ ಅಗ್ಗದ ಸಾಮಾನೆಂದರೆ ಪ್ರಾಣ. ಅಗ್ಗಕ್ಕೆ ಕೊಡುವವರನ್ನು ಕಂಡರೆ ಮಾತ್ರ ಆಗದು. ಅಂಗಡಿಯಲ್ಲಿ ಮೊಟ್ಟೆಯ ಡಬ್ಬಿ ತೆರೆದು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವಳು ಆ ಊರಿಗೆಲ್ಲ ಅವಳೊಬ್ಬಳೇ. (ಗಂಡ ಗ್ಲೆನ್‌ನನ್ನೂ ಮದುವೆಗೆ ಮುಂಚೆ ಹಾಗೇ ಪರೀಕ್ಷಿಸಿದ್ದಳಂತೆ. ಆದರೂ ಎಲ್ಲೋ ಕಣ್ತಪ್ಪಿತು ಎಂದು ಈಗಲೂ ಹೇಳುತ್ತಾಳೆ.)

ಮಗಳನ್ನು ಶಾಲೆ ಬಿಡಿಸಿದ್ದೂ ಅನುಮಾನದಿಂದಲೇ. "ಟ್ರೂಡಿ ಲೆಕ್ಕದಲ್ಲಿ ಸ್ವಲ್ಪ ಹಿಂದೆ" ಎಂದು ಟೀಚರು ಹೇಳಿದ್ದೇ ತಡ, ಇದರಲ್ಲೇನೋ ಮಸಲತ್ತಿದೆ ಎಂದು ಶಾಲೆಯ ಹಳದಿ ಬಸ್ಸಿಗೆ ಶಾಶ್ವತ ವಿದಾಯ ಘೋಷಿಸಿ, ಅಡುಗೆಮನೆಯ ಮೇಜಿನ ಮೇಲೆ ಒಂದು ವಿದ್ಯಾಪೀಠವನ್ನು ಸ್ಥಾಪಿಸಿದಳು. ಆದರೆ ಪೆನ್ಸಿಲ್ವೇನಿಯಾದಲ್ಲಿ ಮನೆಯಲ್ಲೇ ಕಲಿಯುವ ಮಕ್ಕಳನ್ನು ವರ್ಷದ ಕೊನೆಗೆ ಪರೀಕ್ಷಕರೊಬ್ಬರು ನೋಡಿ ಸಹಿ ಹಾಕಬೇಕು. ಹಾಕದಿದ್ದರೆ ಮತ್ತೆ ಹಳದಿ ಬಸ್ಸು, ಮತ್ತೆ ಅದೇ ಟೀಚರು ಎಂದು ರೋಡಾ ನಂಬಿದ್ದಳು. ಆ ಟೀಚರ ಮಾತೇ ನಿಜವಾಗಿಬಿಟ್ಟರೆ ಎಂಬ ಭಯ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅದನ್ನು ಗ್ಲೆನ್‌ಗೂ ಹೇಳಿರಲಿಲ್ಲ.

ವಿದ್ಯಾಪೀಠವೆಂದ ಮೇಲೆ ಪುಸ್ತಕ ಬೇಕಲ್ಲ. ಹೊಸ ಸೆಟ್ಟಿನ ಬೆಲೆ ಕೇಳಿ, ಅಷ್ಟಕ್ಕೆ ಒಂದು ಹಸುವೇ ಬರುತ್ತದೆ ಎಂದು ಬೈದುಕೊಂಡು, ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಹಳೇ ಪುಸ್ತಕಗಳ ಮಾರಾಟಕ್ಕೆ ಹೋದಳು. ಅಲ್ಲಿ ಆರ್ಡಿತ್ ಎಂಬಾಕೆ, ಮನೆತುಂಬ ಮಕ್ಕಳಿಗೆ ತಾನೇ ಪಾಠ ಹೇಳಿ ದಡ ಮುಟ್ಟಿಸಿದವಳು, ನಾಲ್ಕನೇ ತರಗತಿಯ ಲೆಕ್ಕದ ಪುಸ್ತಕವನ್ನು ಒಂದು ಡಾಲರಿಗೆ ಇಟ್ಟಿದ್ದಳು. ರಟ್ಟಿನ ಮೇಲೆ ದೊಡ್ಡದೊಂದು ಗೂಬೆಯ ಚಿತ್ರ.

"ಒಂದೇ ಡಾಲರಾ? ಯಾಕೆ?" ಎಂದಳು ರೋಡಾ.

"ನನ್ನ ಕೊನೇ ಮಗಂದೂ ಮುಗೀತಲ್ಲ, ಅದಕ್ಕೆ."

"ಹಾಳೆ ಹರಿದಿದೆಯಾ?"

"ಇಲ್ಲಪ್ಪ."

"ನೀರಲ್ಲಿ ನೆಂದಿತ್ತಾ?"

"ಬೇಕಾದ್ರೆ ಮೂಸಿ ನೋಡಿ."

ರೋಡಾ ಮೂಸಿಯೂ ನೋಡಿದಳು. ದಾಲ್ಚಿನ್ನಿಯ ವಾಸನೆ ಬಂತು. ಬೇರೆ ಯಾವುದೋ ವಾಸನೆ ಮುಚ್ಚಲಿಕ್ಕೇ ಇದು ಎಂದು ಅವಳಿಗೆ ಖಾತ್ರಿಯಾಯಿತು. ಆದರೂ ಒಂದು ಡಾಲರು. ಕೊಂಡಳು.

ಅಷ್ಟರಲ್ಲಿ ಬಾಗಿಲ ಬಳಿಯ 'ಪುಕ್ಕಟೆ' ಡಬ್ಬದಲ್ಲಿ ಅದೇ ಗೂಬೆಯಿದ್ದ ಉತ್ತರಗಳ ಪುಸ್ತಕವೂ ಕಣ್ಣಿಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳುತ್ತಲೇ ಆರ್ಡಿತ್ ಕೂಗಿದಳು.

"ಅದು ಇದಕ್ಕೆ ಕೂಡಲ್ಲ ರೋಡಾ. ಅದು ಹಳೇ ಆವೃತ್ತಿದು, ಲೆಕ್ಕಗಳೇ ಬೇರೆ. ಇದರ ಉತ್ತರದ ಪುಸ್ತಕ ನನ್ನ ಹತ್ರ ಇದೆ, ಎಂಟು ಡಾಲರ್."

ಈಗ ರೋಡಾಳಿಗೆ ಎಲ್ಲ ನಿಚ್ಚಳವಾಯಿತು. ಪ್ರಶ್ನೆಗೆ ಒಂದು, ಉತ್ತರಕ್ಕೆ ಎಂಟು. ಗಾಳ ಇದೇ.

"ಬೇಡ ಬಿಡಿ, ನನಗೆ ಇದೇ ಸಾಕು. ಗೂಬೆ ಅದೇ ತಾನೆ?"

"ಗೂಬೆ ಎಲ್ಲದರ ಮೇಲೂ ಇರತ್ತೆ," ಎಂದಳು ಆರ್ಡಿತ್. ರೋಡಾ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಮಗಳು ಕದ್ದು ನೋಡುತ್ತಾಳೆಂದು ಉತ್ತರದ ಪುಸ್ತಕವನ್ನು ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಳು. ಟ್ರೂಡಿ ಕೇಳಿದಾಗಲೆಲ್ಲ "ಮೊದಲು ನೀನು ಮಾಡು, ಆಮೇಲೆ ನೋಡೋಣ" ಎಂಬುದೇ ವಿದ್ಯಾಪೀಠದ ಧ್ಯೇಯವಾಕ್ಯ. ಮಗಳು ಲೆಕ್ಕ ಮುಗಿಸಿದ ಮೇಲೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೆಂಪು ಶಾಯಿಯ ಪೆನ್ನು ಹಿಡಿದು ಕೂರುವಳು. ಪ್ರಶ್ನೆ ಓದುವ ಗೋಜಿಗೆ ಅವಳು ಹೋಗುತ್ತಿರಲಿಲ್ಲ (ಆ ಕಡೆ ಭಿನ್ನರಾಶಿಗಳಿದ್ದವು, ಅವಕ್ಕೂ ಅವಳಿಗೂ ಚಿಕ್ಕಂದಿನಿಂದ ಮಾತುಕತೆ ಇರಲಿಲ್ಲ). ಉತ್ತರ ಮಾತ್ರ ತಾಳೆ ನೋಡುವಳು. ಮಗಳ ಉತ್ತರ ಉತ್ತರಕ್ಕೆ ಹೋದರೆ ಪುಸ್ತಕದ ಉತ್ತರ ದಕ್ಷಿಣಕ್ಕೆ ಹೋಗುತ್ತಿತ್ತು. ಹಾಳೆಗಳೆಲ್ಲ ಕೆಂಪಾದವು.

ರೋಡಾ ಮೊದಲು ಟೀವಿಯ ಮೇಲೆ ಅನುಮಾನಪಟ್ಟಳು. ಆಮೇಲೆ ಕನ್ನಡಕ ಬೇಕೇನೋ ಎಂದುಕೊಂಡಳು. ಕಡೆಗೆ ಮಗಳು ಬೇಕೆಂದೇ ತಪ್ಪು ಮಾಡುತ್ತಿದ್ದಾಳೆ, ಬಸ್ಸಿನ ಗೆಳತಿಯರ ನೆನಪಾಗಿದೆ ಎಂದು ಅವಳ ಮೇಲೇ ಗೂಬೆ ಕೂರಿಸಿದಳು.

"ಅಮ್ಮ, ನಂದು ಸರಿ ಇದೆ," ಎಂದಳು ಟ್ರೂಡಿ.

"ಯಾರು ಹೇಳಿಕೊಟ್ಟಿದ್ದು ಹಾಗಂತ? ಅಪ್ಪನಾ?"

ಟ್ರಾಕ್ಟರ್ ರಿಪೇರಿ ಮಾಡಿ ಬಂದು ಕೈ ಒರೆಸಿಕೊಳ್ಳುತ್ತಿದ್ದ ಗ್ಲೆನ್ ಬಗ್ಗಿ ನೋಡಿದ. ಸಿಹಿ ಹೂರಣ ತುಂಬಿ ಬೇಯಿಸುವ ಪೈ ಹಂಚುವ ಲೆಕ್ಕ ಅದು.

"ಮುಕ್ಕಾಲು ಪೈ ಇತ್ತು, ಅದರಲ್ಲಿ ಕಾಲು ಪೈ ತಿಂದರೆ ಉಳಿದದ್ದೆಷ್ಟು. ಅರ್ಧ ಅಂತ ಬರೆದಿದಾಳೆ. ಸರಿಯಾಗೇ ಇದೆಯಲ್ಲೇ."

"ಹದಿನೇಳು ಅಂತಿದೆ ಪುಸ್ತಕದಲ್ಲಿ."

"ಮುಕ್ಕಾಲು ಪೈನಲ್ಲಿ ಕಾಲು ತಿಂದು ಹದಿನೇಳು ಉಳಿಯೋದಾದ್ರೆ ನಾನು ರಿಪೇರಿ ಬಿಟ್ಟು ಪೈ ತಿನ್ನೋ ಕೆಲಸಾನೇ ಮಾಡ್ತೀನಿ."

"ಇದು ನಿನ್ನ ಕಾಲದ ಲೆಕ್ಕ ಅಲ್ಲ ಗ್ಲೆನ್. ಈಗಿನದು ಹೀಗೇ ಇರತ್ತೆ. ಅಪ್ಪ ಮಗಳು ಸೇರಿ ನನ್ನನ್ನ ಮಂಗ ಮಾಡಬೇಡಿ."

ಅಂದಿನಿಂದ ಟ್ರೂಡಿ ವಾದ ಮಾಡುವುದನ್ನು ಬಿಟ್ಟಳು. ಅಮ್ಮ ಹದಿನೇಳು ಎಂದರೆ "ಸರಿಯಮ್ಮ" ಎಂದು ಹದಿನೇಳೇ ಬರೆಯುವಳು. ಮಗಳು ಇಷ್ಟು ವಿಧೇಯಳಾದದ್ದು ಕಂಡು ರೋಡಾಳಿಗೆ ಹೊಸ ಅನುಮಾನ ಶುರುವಾಯಿತು.

ಪರೀಕ್ಷಕರು ಬರುವ ದಿನ ಬಂದೇಬಿಟ್ಟಿತು. ಮಿಸೆಸ್ ಹಾಲ್ಡಮನ್ ನಿವೃತ್ತ ಟೀಚರು. ರೋಡಾ ಬೆಳಿಗ್ಗೆಯೇ ಕಾಕಂಬಿಯ ಪೈ ಮಾಡಿದ್ದಳು.

"ಲಂಚಾನಾ?" ಎಂದ ಗ್ಲೆನ್.

"ಉಪಚಾರ," ಎಂದಳು ರೋಡಾ. ಅಷ್ಟರಲ್ಲಿ ಅವನು ಕಾಲು ಭಾಗ ತಿಂದು ಮುಗಿಸಿದ್ದ.

ಮಿಸೆಸ್ ಹಾಲ್ಡಮನ್ ಟ್ರೂಡಿಯಿಂದ ಓದಿಸಿದರು, ಬರೆಸಿದರು, ತಲೆದೂಗಿದರು. ಆಮೇಲೆ ಚಾಕು ಹಿಡಿದು ಪೈ ಕಡೆ ತೋರಿಸಿದರು.

"ಇಲ್ಲಿ ಮುಕ್ಕಾಲು ಪೈ ಇದೆ ಮರಿ. ನಾನು ಕಾಲು ಪೈ ತಿಂತೀನಿ ಅಂತಿಟ್ಟುಕೋ. ಎಷ್ಟು ಉಳಿಯತ್ತೆ?"

ಟ್ರೂಡಿ ಒಮ್ಮೆ ಪರೀಕ್ಷಕರನ್ನು, ಒಮ್ಮೆ ಅಮ್ಮನನ್ನು ನೋಡಿದಳು.

"ನಿಮಗೆ ನಿಜವಾದ ಉತ್ತರ ಬೇಕಾ, ಅಮ್ಮನ ಉತ್ತರ ಬೇಕಾ?"

"ಎರಡೂ ಹೇಳು."

"ನಿಜವಾದ್ದು ಅರ್ಧ. ಅಮ್ಮಂದು ಹದಿನೇಳು."

ಮಿಸೆಸ್ ಹಾಲ್ಡಮನ್ ಚಾಕು ಕೆಳಗಿಟ್ಟು ಎರಡೂ ಪುಸ್ತಕ ತರಿಸಿದರು. ಉತ್ತರದ ಪುಸ್ತಕದಿಂದ ಹಿಟ್ಟು ಕೊಡವಿ ಎರಡನ್ನೂ ಪಕ್ಕಪಕ್ಕ ಇಟ್ಟರು. ಲೆಕ್ಕದ ಪುಸ್ತಕದ ಗೂಬೆ ಕನ್ನಡಕ ಹಾಕಿತ್ತು. ಇನ್ನೊಂದು ಹಾಕಿರಲಿಲ್ಲ. ಮೊಟ್ಟೆಯೊಳಗಿನದನ್ನೂ ಕಂಡುಹಿಡಿಯುವ ರೋಡಾಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಆವೃತ್ತಿ ಬೇರೆ ಬೇರೆ. ಮಗು ತಾನಾಗಿ ಮಾಡಿದ್ದೆಲ್ಲ ಸರಿಯಾಗಿದೆ," ಎಂದರು ಮಿಸೆಸ್ ಹಾಲ್ಡಮನ್ ಹಾಳೆ ತಿರುವುತ್ತ. "ನೀವು ಒಂದು ಲೆಕ್ಕಾನಾದ್ರೂ ಮಾಡಿ ನೋಡಲಿಲ್ವಾ?"

ಉತ್ತರದ ಪುಸ್ತಕ ಎದುರಿಗೇ ಇದ್ದರೂ ರೋಡಾ ಉತ್ತರಕ್ಕೆ ಮಗಳ ಮುಖ ನೋಡಿದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಮಗಳನ್ನು ಬರಸೆಳೆದು ಅಪ್ಪಿಕೊಂಡಳು.

"ನನಗ್ಯಾಕೆ ಗಟ್ಟಿಯಾಗಿ ಹೇಳಲಿಲ್ವೇ?"

"ನಿಂಗೆ ಲೆಕ್ಕ ಬರಲ್ಲ ಅಂತ ಇವರಿಗೆ ಗೊತ್ತಾದ್ರೆ ನಿನ್ನನ್ನೇ ಹಳದಿ ಬಸ್ಸಿಗೆ ಹತ್ತಿಸ್ತಾರೇನೋ ಅಂತ ಸುಮ್ಮನಿದ್ದೆ," ಎಂದಳು ಟ್ರೂಡಿ.

ಮಿಸೆಸ್ ಹಾಲ್ಡಮನ್ ಸಹಿ ಹಾಕಿದರು. ಮುಂದಿನ ವರ್ಷದ ಲೆಕ್ಕ ಇನ್ನೂ ಕಷ್ಟ, ಬೇಸಿಗೆಯಲ್ಲಿ ತಾಯಿ ಭಿನ್ನರಾಶಿ ಕಲಿತರೆ ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟು, ಕಾಲು ಪೈ ತಿಂದು ಹೊರಟರು.

ರೋಡಾ ತಲೆ ತಗ್ಗಿಸಿಕೊಂಡು ಆರ್ಡಿತ್‌ಳ ಮನೆಗೆ ಹೋದಳು. ಆರ್ಡಿತ್ ಕನ್ನಡಕದ ಗೂಬೆಯ ಉತ್ತರಗಳನ್ನು ಪುಕ್ಕಟೆಯಾಗಿಯೇ ಕೊಟ್ಟಳು. "ಯಾಕೆ?" ಎಂದು ಕೇಳಲು ತೆರೆದ ಬಾಯನ್ನು ರೋಡಾ ಕಷ್ಟಪಟ್ಟು ಮುಚ್ಚಿಕೊಂಡಳು.

ಮರುದಿನ ಅಡುಗೆಮನೆಯ ಮೇಜಿನ ಮುಂದೆ ಪೆನ್ಸಿಲ್ ಕಚ್ಚುತ್ತ ಕೂತವಳು ರೋಡಾ. ಎದುರಿಗೆ ಕೆಂಪು ಪೆನ್ನು ಹಿಡಿದವಳು ಟ್ರೂಡಿ.

"ಆ ಉತ್ತರದ ಪುಸ್ತಕ ಒಂದು ಸಲ ಕೊಡೇ," ಎಂದಳು ರೋಡಾ.

"ಮೊದಲು ನೀನು ಮಾಡಮ್ಮ, ಆಮೇಲೆ ನೋಡೋಣ," ಎಂದು ಟ್ರೂಡಿ ನೀರು ಕುಡಿಯಲು ಎದ್ದುಹೋದಳು.

ರೋಡಾ ಸದ್ದಿಲ್ಲದೆ ಎದ್ದು ಹಿಟ್ಟಿನ ಡಬ್ಬಿಯಲ್ಲಿ ಮೊಣಕೈವರೆಗೆ ಕೈಯಾಡಿಸಿದಳು. ಅಲ್ಲಿ ಹಿಟ್ಟು ಮಾತ್ರ ಇತ್ತು.

"ಅಲ್ಲಿಲ್ಲಮ್ಮ," ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಟ್ರೂಡಿ ಹೇಳಿದಳು. "ನೀನು ಅಲ್ಲೇ ಹುಡುಕ್ತೀಯ ಅಂತ ನಂಗೆ ಅನುಮಾನ ಇತ್ತು."