ಬೆವರು ಆರಿದ ಮೇಲೆ

ಮುಖ ನೋಡಿ ಮನಸ್ಸು ಹೇಳುವವರಿದ್ದಾರೆ. ನನ್ನ ಹೆಂಡತಿ ಮಹಾದೇವಿ ನೋಡುವುದು ನನ್ನ ಬೆವರನ್ನು. ಡಾಕ್ಟರು ಹೆದರಿಸಿದ ಮೇಲೆ ನಾನು ದಿನಾ ಬೆಳಿಗ್ಗೆ ಬಾಗೇವಾಡಿಯಿಂದ ಇಂಗಳೇಶ್ವರದ ರಸ್ತೆ ಹಿಡಿದು ಓಡುತ್ತೇನೆ. ಓಟ ಎಂದು ನಾನು ಅನ್ನುತ್ತೇನೆ, ನೋಡಿದವರು ನಡಿಗೆ ಅನ್ನುತ್ತಾರೆ. ತಿರುಗಿ ಬಂದು ಕಟ್ಟೆಯ ಮೇಲೆ ಕುಕ್ಕರಿಸಿದಾಗ ನನ್ನನ್ನು ಯಾರೂ ಮಾತಾಡಿಸುವಂತಿಲ್ಲ. 'ಬೆವರು ಆರೋತನಕ ನೀರೂ ಕುಡೀಬಾರದು, ಮಾತೂ ತಗೀಬಾರದು' ಎಂಬುದು ನಮ್ಮ ಅವ್ವನ ಕಾಲದ ಕಾಯಿದೆ. ಎಷ್ಟೋ ಜಗಳಗಳನ್ನು ಅದು ತಪ್ಪಿಸಿದೆ.

ಮೊನ್ನೆ ಮಾತ್ರ ಕೈಕೊಟ್ಟಿತು. ಹತ್ತನೆಯ ತರಗತಿ ಮುಗಿಸಿದ ಮಗಳು ಅಕ್ಷತಾಳಿಗೆ ಸೈಕಲ್ ರೇಸಿನ ಹುಚ್ಚು. ವಿಜಯಪುರದ ಹಾಸ್ಟೆಲಿನಲ್ಲಿದ್ದು ತರಬೇತಿ ಪಡೆಯುವ ಅವಕಾಶ ಬಂದಿತ್ತು. ಮರುದಿನದೊಳಗೆ ಹೂಂ ಅನ್ನಬೇಕಿತ್ತು. ನನ್ನ ಹಣೆ ಒಣಗಿದ್ದು ನೋಡಿ ಮಹಾದೇವಿ ಮಾತು ತೆಗೆದಳು.

"ಹುಡುಗೀನ್ನ ಕಳಸೂಣೇನ್ರಿ?"

"ಓದೂದು ಬಿಟ್ಟು ಸೈಕಲ್ ತುಳದು ಯಾರರ ಉದ್ಧಾರ ಆಗ್ಯಾರೇನು? ಇಲ್ಲ ಅಂದ್ರ ಇಲ್ಲ!"

ನನ್ನ ದನಿ ಓಣಿಯ ಕೊನೆಯವರೆಗೆ ಕೇಳಿಸಿತು. ಸೈಕಲ್ಲಿನ ಚೈನು ಒರೆಸುತ್ತಿದ್ದ ಅಕ್ಷತಾ ಬಟ್ಟೆ ಬಿಸಾಕಿ ಒಳಗೆ ಹೋದಳು. ನನಗೂ ಸಂಕಟವಾಯಿತು.

"ಬೆವರು ಆರಿತ್ತಲ್ರಿ!" ಎಂದಳು ಮಹಾದೇವಿ, ಕಾಯಿದೆಯೇ ಮೋಸ ಮಾಡಿತೆಂಬಂತೆ.

ನಾನು ಜೀವಶಾಸ್ತ್ರದ ಮಾಸ್ತರ. ಸಿಕ್ಕಿಬಿದ್ದಾಗ ಪಾಠ ಶುರು ಮಾಡುವುದು ನನ್ನ ಚಟ. ಓಡುವಾಗ ರಕ್ತ ಒಳಗಿನ ಕಾವನ್ನು ಚರ್ಮಕ್ಕೆ ತಂದು ಹಾಕುತ್ತದೆ, ಬೆವರು ಅದನ್ನು ಹೊರಗೆ ಒಯ್ಯುತ್ತದೆ. ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ತಂಗಿ ಒತ್ತಡ ಇಳಿಯುತ್ತದೆ. ತಂಪಾಗುವುದು ಆಮೇಲಾಯಿತು, ಮೊದಲು ಇವನು ತಲೆ ತಿರುಗಿ ಬೀಳದಿರಲಿ ಎಂದು ದೇಹ ಚರ್ಮದ ರಕ್ತವನ್ನೂ ಬೆವರನ್ನೂ ತಗ್ಗಿಸುತ್ತದೆ. ಹಣೆ ಆರಿರುತ್ತದೆ, ಒಳಗಿನ ಕಾವು ಆರಿರುವುದಿಲ್ಲ. ಇಷ್ಟನ್ನೂ ಅವಳಿಗೆ ಬಿಡಿಸಿ ಹೇಳಿದೆ.

"ಹಂಗಾರ ನಿಮ್ಮ ಕಾವು ಛಲೋತ್ನಾಗಿ ಹೊರಗ ಬರೂದು ಓಡುವಾಗ ಅನ್ರಿ," ಎಂದಳು. ಪಾಠ ತಲೆಗೆ ಹತ್ತಿತೆಂದು ನಾನು ಖುಷಿಪಟ್ಟೆ.

ಮರುದಿನ ರಸ್ತೆಯ ಏರಿನಲ್ಲಿ ಬೆವರು ಧಾರಾಕಾರವಾಗಿ ಇಳಿಯುತ್ತಿರುವಾಗ ಪಕ್ಕದಲ್ಲಿ ಸೈಕಲ್ ಬಂತು.

"ಅಪ್ಪಾ, ನಾ ಹೋಗ್ಲೇನು?"

ಬೇಡ ಎನ್ನಲು ಕಾರಣಗಳು ಬೇಕಾದಷ್ಟಿದ್ದವು, ಉಸಿರಿರಲಿಲ್ಲ. ಆ ಏರಿನಲ್ಲೂ ಅವಳು ನನ್ನ ಓಟಕ್ಕೆ ಹೊಂದಿಸಲು ಬ್ರೇಕು ಹಿಡಿಹಿಡಿದು ಬರುತ್ತಿದ್ದಳು. ಅದು ಕಂಡದ್ದೇ ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಕೈಯೆತ್ತಿ ಮುಂದಿನ ದಾರಿ ತೋರಿಸಿದೆ. "ಅಪ್ಪಾ!" ಎಂದು ಕೂಗಿ ಬ್ರೇಕು ಬಿಟ್ಟಳು; ನಾನು ಏರು ಹತ್ತುವಷ್ಟರಲ್ಲಿ ಕಾಣದಾದಳು.

ಮನೆ ಮುಟ್ಟಿ ಕಟ್ಟೆಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಹಣೆ ಆರಿತ್ತು, ಕಣ್ಣು ಆರಿರಲಿಲ್ಲ. "ಬೆವರು," ಎಂದೆ. ಪಾಠ ಕೇಳಿದ ಮಹಾದೇವಿ ನಂಬಲಿಲ್ಲ.