ಹೆಸರು ಕೇಳದ ಮಾವ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಯಾರ ಹೆಸರೂ ಬೇಡ, ಮನೆ ಹೆಸರೊಂದಿದ್ದರೆ ಸಾಕು! ಮದುವೆಯ ಕಾಗದ ಬಂದರೆ ಹುಡುಗ, ಹುಡುಗಿಯ ಹೆಸರು ಹಾರಿಸಿ, ಎರಡೂ ಮನೆಗಳ ಹೆಸರು ಓದಿ "ಒಳ್ಳೆ ಸಂಬಂಧ" ಎಂದು ತೀರ್ಪು ಕೊಡುತ್ತಾರೆ. ಪುತ್ತೂರಿನಲ್ಲಿ ಕಣ್ಣಿನ ಡಾಕ್ಟರು ಹೆಸರು ಕೇಳಿದರೆ ತಮ್ಮ ಮನೆಯ ಹೆಸರನ್ನೇ ಹೇಳಿ "ತೋಟದಮೂಲೆ" ಎಂದರು. ಕನ್ನಡಕದ ಚೀಟಿಯಲ್ಲಿ ಹಾಗೆಯೇ ಬಂತು: ಶ್ರೀ ತೋಟದಮೂಲೆ, ವಯಸ್ಸು ಅರುವತ್ತೆಂಟು!

ಅಪ್ಪನ ನೌಕರಿಯಿಂದಾಗಿ ಬಾಡಿಗೆ ಮನೆಗಳಲ್ಲಿ ಬೆಳೆದ ನನಗೆ ಮನೆ ಹೆಸರು ಎಲ್ಲಿಂದ ಬರಬೇಕು? ಯಾರ ಜಗಲಿಯಲ್ಲಿ ಕೂತರೂ "ಯಾವ ಮನೆಯವಳು?" ಎಂಬ ಪ್ರಶ್ನೆಗೆ ನಾನು ಫೇಲು.

ಈಗ ಪುತ್ತೂರಿನ ಒಂದು ಸಣ್ಣ ಆಫೀಸಿನಲ್ಲಿ ಕುಡಿಯುವ ನೀರಿನ ಪಂಪುಗಳ ಲಾಗ್ ನೋಡುವುದು ನನ್ನ ಕೆಲಸ. ಪಂಪನ್ನು ಯಾರು, ಯಾವಾಗ ಚಾಲೂ ಮಾಡಿದರೆಂದು ಯಂತ್ರವೇ ಸಾಲು ಸಾಲಾಗಿ ಬರೆದಿಡುತ್ತದೆ. ಕಳೆದ ಬೇಸಿಗೆಯಲ್ಲಿ ಪಂಜದ ಕಡೆಯ ಒಂದೂರಿನಿಂದ ದೂರು ಬಂತು: ಪಂಪು ನೋಡಿಕೊಳ್ಳುವ ಜಯಂತಿ ಕೆಲಸಕ್ಕೇ ಬರುವುದಿಲ್ಲವಂತೆ! ಲಾಗಿನಲ್ಲಿ ಅವರು ಸಿಗದಿದ್ದರೆ ಸಂಜೆಯ ಪಂಚಾಯತ್ ಸಭೆಯಲ್ಲಿ ಅವರನ್ನು ಕೆಲಸದಿಂದ ತೆಗೆಯುತ್ತಾರೆ. "ಹೆಸರು: ಜಯಂತಿ" ಎಂದು ಹುಡುಕಿದೆ. ಸೊನ್ನೆ. "ಆಪರೇಟರ್: ಜಯಂತಿ." ಸೊನ್ನೆ! ಅತ್ತ ಫೋನಿನಲ್ಲಿ ಜಯಂತಿ ಅಳುತ್ತಿದ್ದರು. "ದಿನಾ ಆರು ಗಂಟೆಗೆ ನಾನೇ ಹಾಕುದು ಮೇಡಂ."

ಹೊಸ ಕನ್ನಡಕ ಒಯ್ಯಲು ಪೇಟೆಗೆ ಬಂದು ನನ್ನ ಪಕ್ಕದಲ್ಲಿ ಕೂತಿದ್ದ ಮಾವ ಬಾಯಿ ಹಾಕಿದರು.

"ಎಂತ ಕೇಳುದು ನೀನು ಅದರ ಹತ್ರ?"

"ಹೆಸರು, ಮಾವ."

"ಅದು ಬರೆದಿಟ್ಟದ್ದು ಎಂತ ಅಂತ ಮೊದಲು ನೋಡು ಮಾರಾಯ್ತಿ! ಮಿಷನ್ ಕೂರಿಸಿದವ ಯಾವ ಕಡೆಯವ?"

"ಸುಳ್ಯದವ."

"ಹಾಗಾದ್ರೆ ನಮ್ಮ ಕಡೆಯವನೇ, ಅವ ಹೆಸರು ಕೇಳಿರ್ಲಿಕ್ಕಿಲ್ಲ!"

ಹುಡುಕುವುದನ್ನು ಬಿಟ್ಟು ಲಾಗಿನ ಒಂದು ಸಾಲನ್ನು ಪೂರ್ತಿ ತೆರೆದೆ. ದಿನಾಂಕ, ಸಮಯ, ಮನೆ. ಹೆಸರಿನ ಕಾಲಮ್ಮೇ ಇಲ್ಲ! ಇಲ್ಲದ ಕಾಲಮ್ಮಿನಲ್ಲಿ ಹುಡುಕಿದರೆ ಯಂತ್ರ ತಾನೇ ಇನ್ನೇನು ಹೇಳೀತು? ಜಯಂತಿಯನ್ನು ಕೇಳಿ "ಮನೆ: ನೆಕ್ಕರೆಮೂಲೆ" ಎಂದು ಹಾಕಿದೆ. ಬಂತು ನೋಡಿ, ಬೆಳಗ್ಗೆ ಆರು, ಬೆಳಗ್ಗೆ ಆರು, ಒಂದು ದಿನವೂ ತಪ್ಪದೆ! ಆ ಪಟ್ಟಿ ಸಭೆಗೆ ಹೋಯಿತು, ಜಯಂತಿಯ ಕೆಲಸ ಉಳಿಯಿತು.

ಮಾವನ ಗತ್ತು ಕೇಳಬೇಕೆ? ಸ್ವಲ್ಪ ಇಳಿಸೋಣವೆಂದು ಛೇಡಿಸಿದೆ. "ನನಗೆ ಮನೆ ಹೆಸರೇ ಇಲ್ಲ. ನನ್ನ ನಂಬರು ಹೇಗೆ ಇಟ್ಟುಕೊಂಡಿದ್ದೀರಿ?" ಎನ್ನುತ್ತಲೇ ಅವರಿಗೆ ಫೋನು ಮಾಡಿದೆ. ಮೇಜಿನ ಮೇಲಿದ್ದ ಅವರ ಮೊಬೈಲಿನಲ್ಲಿ ಮೂಡಿತು: ತೋಟದಮೂಲೆ.

"ಇದು ನಿಮ್ಮ ಮನೆಯಲ್ವಾ ಮಾವ?"

"ಮತ್ತೆ ನೀನು ಯಾವ ಮನೆಯವಳು?"

ನನ್ನ ಕಣ್ಣು ತುಂಬಿತು. ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಆ ಪ್ರಶ್ನೆಗೆ ನನಗೆ ಉತ್ತರ ಗೊತ್ತಿತ್ತು.