ತಾಲ್ಲೂಕಿನ ಅಧಿಕೃತ ಕಪ್ಪು

೧೯೭೬ರ ಜನವರಿಯವರೆಗೆ ಹಿರಿಯೂರು ತಾಲ್ಲೂಕಿನಲ್ಲಿ ಕಪ್ಪು ಬಣ್ಣಕ್ಕೆ ಯಾವ ಅಧಿಕೃತ ಆಧಾರವೂ ಇರಲಿಲ್ಲ. ಜನ ಬರಿಗಣ್ಣಿನಿಂದ ನೋಡಿ, ಕಪ್ಪಗಿದ್ದುದನ್ನು ಕಪ್ಪು ಎಂದುಬಿಡುತ್ತಿದ್ದರು. ಇದರಿಂದ ಯಾರಿಗೂ ತೊಂದರೆಯಾಗದಿದ್ದ ಕಾರಣ ವಿಷಯ ಮೇಲಿನವರ ಗಮನಕ್ಕೆ ಬರುವುದು ತಡವಾಯಿತು.

ಹೀಗೆ ಆಧಾರವಿಲ್ಲದೆ ಕಪ್ಪು ಎನ್ನುತ್ತಿದ್ದವರಲ್ಲಿ ಜವನಗೊಂಡನಹಳ್ಳಿಯ ಈರಬಸಪ್ಪನೂ ಒಬ್ಬ. ಅವನು ಕಂಬಳಿ ನೇಯುತ್ತಿದ್ದ. ಕಂಬಳಿಗೆ ಬಣ್ಣ ಹಾಕುವ ಪದ್ಧತಿ ಅವನ ವಂಶದಲ್ಲಿರಲಿಲ್ಲ. ಕುರಿಯ ಮೈಮೇಲಿದ್ದ ಕಪ್ಪೇ ಕತ್ತರಿಗೆ ಸಿಕ್ಕಿ, ಹೆಂಡತಿ ಗಂಗಕ್ಕನ ರಾಟೆಯಲ್ಲಿ ನೂಲಾಗಿ, ಮಗ್ಗಕ್ಕಿಳಿದು, ಹುಣಸೆಬೀಜದ ಗಂಜಿ ಕುಡಿದು ಕಂಬಳಿಯಾಗುತ್ತಿತ್ತು. ಆ ಕಪ್ಪಿನ ಮೂಲ ಒಂದು ಟಗರು. ಅದಕ್ಕೆ ಗಂಗಕ್ಕ ದೊರೆ ಎಂದು ಹೆಸರಿಟ್ಟಿದ್ದಳು. ಕುರಿ ಕೂಡುವ ರೊಪ್ಪದಲ್ಲಿದ್ದ ಕರಿ ಮರಿಗಳೆಲ್ಲ ದೊರೆಯ ಮಕ್ಕಳು. ದೊರೆ ಹೋದರೆ ಕಪ್ಪು ಹೋಯಿತು, ಕಪ್ಪು ಹೋದರೆ ಮಗ್ಗ ಹೋಯಿತು. ಇಷ್ಟು ಅರ್ಥವಾಗಲು ಈರಬಸಪ್ಪನಿಗೆ ಸುತ್ತೋಲೆ ಬೇಕಿರಲಿಲ್ಲ.

ಆದರೂ ಸುತ್ತೋಲೆ ಬಂತು. ಹಿರಿಯೂರಿನ ವೇದಾವತಿ ಕಂಬಳಿ ನೇಕಾರರ ಸಂಘಕ್ಕೆ ಬಂದ ಆ ಕಾಗದದಲ್ಲಿ ಹೀಗಿತ್ತು: "ಸೃಜನಶೀಲ ಕಸುಬಿನಲ್ಲಿ ತೊಡಗಿರುವವರು ಬಣ್ಣದ ವಿಷಯದಲ್ಲಿ ಕಣ್ಣನ್ನು ನೆಚ್ಚುವುದು ಅವೈಜ್ಞಾನಿಕವೆಂದು ತಿಳಿದುಬಂದಿದೆ. ಆದಕಾರಣ ಪ್ರತಿ ಸಂಘವೂ ಬಣ್ಣವನ್ನು ನಿಖರವಾಗಿ ತೋರಿಸುವ ಪರದೆಯಂತ್ರವೊಂದನ್ನು ಆರಿಸಿ, ಮಾರ್ಚ್ ಅಂತ್ಯದೊಳಗೆ ಸ್ಥಾಪಿಸಿ ವರದಿ ಮಾಡತಕ್ಕದ್ದು."

ಯಂತ್ರ ಯಾವುದು ಎಂದು ಸುತ್ತೋಲೆ ಹೇಳಿರಲಿಲ್ಲ. ಕೊನೆಯ ದಿನ ಯಾವುದು ಎಂದು ಮಾತ್ರ ಎರಡು ಸಲ ಹೇಳಿತ್ತು.

ಮೂವರ ಆಯ್ಕೆ ಸಮಿತಿಯಾಯಿತು. ಒಬ್ಬರು ಸಂಘದ ಕಾರ್ಯದರ್ಶಿ ಮೂರ್ತಪ್ಪನವರು. ವಿಜ್ಞಾನ ಬಲ್ಲವರೊಬ್ಬರು ಇರಬೇಕೆಂದು ದನದ ಆಸ್ಪತ್ರೆಯ ಕಾಂಪೌಂಡರ್ ಪಾಲಯ್ಯನವರು ಇನ್ನೊಬ್ಬರು. ಸೃಜನಶೀಲ ಕಸುಬುದಾರರ ಪ್ರತಿನಿಧಿಯಾಗಿ ಈರಬಸಪ್ಪ. ಅವನು ಅಂದು ಗಂಜಿಗೆ ಹುಣಸೆಬೀಜ ಕೊಳ್ಳಲು ಹಿರಿಯೂರಿಗೆ ಬಂದಿದ್ದ. ಸಂಘದ ಬಾಗಿಲ ಮುಂದೆ ಹಾದುಹೋಗುತ್ತಿದ್ದುದು ಅವನ ಅರ್ಹತೆ.

ನಿಯಮದ ಪ್ರಕಾರ ಮೂರು ದರಪಟ್ಟಿ ತರಿಸಲಾಯಿತು. ಬೆಂಗಳೂರಿನ ಅಂಗಡಿಯೊಂದು ಪರದೇಶದ ಬಣ್ಣದ ಟೆಲಿವಿಷನ್ ಕೊಡುವುದಾಗಿ ಬರೆದಿತ್ತು. ಚಿತ್ರದುರ್ಗದ ರೇಡಿಯೋ ಅಂಗಡಿಯೊಂದು ಕಪ್ಪು-ಬಿಳುಪಿನ ಟೆಲಿವಿಷನ್ ಕೊಡುತ್ತಿತ್ತು. ಮೂರನೆಯ ದರಪಟ್ಟಿ ಎಲ್ಲಿಂದಲೂ ಬರಲಿಲ್ಲವಾಗಿ, ಹಿರಿಯೂರು ಪೇಟೆಯ ಗಾಜಿನಂಗಡಿಯವನನ್ನು ಕರೆಸಿ, ಒಂದು ನಿಲುವುಗನ್ನಡಿಯ ಬೆಲೆ ಬರೆಸಿಕೊಳ್ಳಲಾಯಿತು.

ಬಣ್ಣದ ಟೆಲಿವಿಷನ್ ಮೊದಲು ಪಟ್ಟಿಯಿಂದ ಬಿದ್ದುಹೋಯಿತು. ಅದು ಕೆಂಪು, ಹಸಿರು, ನೀಲಿಗಳನ್ನು ಬೆರೆಸಿ ಲೋಕದ ಸಕಲ ಬಣ್ಣವನ್ನೂ ತೋರಿಸುತ್ತದೆ ಎಂದು ಅಂಗಡಿಯವರು ಹೆಮ್ಮೆಯಿಂದ ಬರೆದಿದ್ದರು. ಪಾಲಯ್ಯನವರು ಕನ್ನಡಕ ಸರಿಮಾಡಿಕೊಂಡರು.

"ಏನಪ್ಪ ಈರಬಸಪ್ಪ, ನಿಮ್ಮ ಕುರಿಯಾಗೆ ಹಸಿರು ಐತಾ?"

"ಇಲ್ರಿ."

"ನೀಲಿ?"

"ನಮ್ಮಪ್ಪನ ಕಾಲದಾಗೂ ಕಂಡಿಲ್ರಿ."

"ಬರ್ಕಳ್ರಿ ಮೂರ್ತಪ್ಪನವ್ರೆ. ಇಲ್ಲದ ಬಣ್ಣ ತೋರ್ಸೋದು ನಿಖರತೆಗೆ ವಿರುದ್ಧ."

ಬರೆದುಕೊಂಡರು. ಈರಬಸಪ್ಪನಿಗೆ ಕನ್ನಡಿ ಮನಸ್ಸಿಗೆ ಬಂದಿತ್ತು. ಹೇಳಿಯೂ ಬಿಟ್ಟ.

"ಕನ್ನಡಿ ಸಾಕಲ್ಲ ಸಾಮಿ. ಕರೇದು ಹಿಡಿದ್ರೆ ಕರೇದು ತೋರಿಸ್ತೈತೆ, ಬಿಳೇದು ಹಿಡಿದ್ರೆ ಬಿಳೇದು."

"ಅದೇ ಕಣಪ್ಪ ಅದರ ದೋಷ" ಎಂದರು ಮೂರ್ತಪ್ಪನವರು, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಸಹನೆಯಿಂದ. "ಅದಕ್ಕೆ ಸ್ವಂತ ಅಭಿಪ್ರಾಯ ಅಂಬೋದೇ ಇಲ್ಲ. ನೀನು ಏನು ತೋರಿಸಿದ್ರೂ ಹೌದಪ್ಪ ಅಂತೈತೆ. ಅಂಥದ್ದನ್ನ ನೆಚ್ಕಂಡ್ರೆ ಆಫೀಸು ಯಾಕೆ, ನಾನ್ಯಾಕೆ?"

ಈ ಪ್ರಶ್ನೆಗೆ ಈರಬಸಪ್ಪನಲ್ಲಿ ಒಂದು ಉತ್ತರವಿತ್ತು. ಬಸ್ಸಿಗೆ ಹೊತ್ತಾಗಿದ್ದರಿಂದ ಹೇಳಲಿಲ್ಲ.

ಉಳಿದದ್ದು ಕಪ್ಪು-ಬಿಳುಪಿನದು. ಚಿತ್ರದುರ್ಗದ ಅಂಗಡಿಯವನು ಪ್ರಾಮಾಣಿಕ. ಈ ಕಡೆಗೆ ಯಾವ ಕೇಂದ್ರದ ಅಲೆಯೂ ಮುಟ್ಟುವುದಿಲ್ಲ, ಪರದೆಯ ಮೇಲೆ ಚಿತ್ರ ಬರುವುದಿಲ್ಲ ಎಂದು ಕೈಮುಗಿದು ತಿಳಿಸಿದ್ದ. ಸಮಿತಿ ಇದನ್ನು ಗುಣದ ಪಟ್ಟಿಗೆ ಸೇರಿಸಿತು: "ಚಿತ್ರ ಬಾರದ ಕಾರಣ ಕಸುಬುದಾರರ ಗಮನ ಬಣ್ಣದಿಂದ ಆಚೀಚೆ ಹೋಗುವ ಸಂಭವವಿಲ್ಲ." ಮೂವರೂ ರುಜು ಹಾಕಿದರು. ಈರಬಸಪ್ಪ ಬಸ್ಸಿನ ಹಾರ್ನ್ ಕೇಳುತ್ತಲೇ ಹಾಕಿದ.

ಫೆಬ್ರವರಿಯಲ್ಲಿ ಯಂತ್ರ ಬಂತು. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಮುಂದೆ ಉಬ್ಬಿದ ಗಾಜು. ಕುಂಕುಮವಿಟ್ಟು ತೆಂಗಿನಕಾಯಿ ಒಡೆದು ಗುಂಡಿ ತಿರುಗಿಸಿದಾಗ ಗಾಜಿನ ತುಂಬ ನುಚ್ಚು ಕುದಿಯುವ ಹಾಗೆ ಬೆಳ್ಳಗೆ ಮಿಣಮಿಣ ಎಂದಿತು. ಗುಂಡಿ ಆರಿಸಿದರೆ ಕಪ್ಪಾಯಿತು. ಮೂರ್ತಪ್ಪನವರು ಅಲ್ಲಿಯೇ ಆದೇಶ ಹೊರಡಿಸಿದರು: ಯಂತ್ರ ಹಚ್ಚಿದಾಗ ಕಾಣುವುದು ಬಿಳಿ, ಆರಿಸಿದಾಗ ಕಾಣುವುದು ಕಪ್ಪು. ಕಪ್ಪಿನ ಪರೀಕ್ಷೆಗೆ ಕರೆಂಟು ಬೇಕಿಲ್ಲ ಎಂಬುದು ಎಲ್ಲರಿಗೂ ಹಿಡಿಸಿತು. ಹಿರಿಯೂರಿನಲ್ಲಿ ದಿನದ ಬಹುಭಾಗ ಕಪ್ಪಿನ ಪರೀಕ್ಷೆಗೇ ಅನುಕೂಲವಾಗಿತ್ತು.

ಪರೀಕ್ಷೆಗೆ ಮೊದಲ ಕಂಬಳಿ ಈರಬಸಪ್ಪನದೇ ಹೋಯಿತು. ಆರಿದ ಗಾಜಿನ ಪಕ್ಕದಲ್ಲಿ ಹಿಡಿದು ನೋಡಿದರು. ಕಿಟಕಿಯ ಬೆಳಕಿಗೆ ಗಾಜು ಬತ್ತಿದ ಕೆರೆಯ ಕೆಸರಿನ ಹಾಗೆ, ಬೂದಿಗೆ ಇಷ್ಟು ಹಸಿರು ಬೆರೆಸಿದ ಹಾಗೆ ಕಾಣುತ್ತಿತ್ತು. ಕಂಬಳಿ ಕಂಬಳಿಯ ಹಾಗೆ ಕಪ್ಪಗಿತ್ತು.

"ಬಣ್ಣ ಕೂಡ್ತಿಲ್ಲ" ಎಂದರು ಮೂರ್ತಪ್ಪನವರು. "ನಿಂದು ನಿಗದಿಗಿಂತ ಹೆಚ್ಚು ಕಪ್ಪಾಗೈತೆ."

"ಕಪ್ಪು ಹೆಚ್ಚಾದ್ರೆ ಒಳ್ಳೇದಲ್ವಾ ಸಾಮಿ?"

"ಜ್ವರ ಹೆಚ್ಚಾದ್ರೆ ಒಳ್ಳೇದಾ?"

"ಯಂತ್ರನೇ ತಪ್ಪು ತೋರ್ಸಿದ್ರೆ?"

ಮೂರ್ತಪ್ಪನವರು ಫೈಲು ಬಿಚ್ಚಿ, ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟರು. "ಇದ್ಯಾರ ರುಜು?"

ಈರಬಸಪ್ಪನದೇ. ಅವಸರದ ರುಜು, ಆದರೆ ನಿಖರವಾಗಿತ್ತು.

ಬೇರೆ ನೇಕಾರರು ಜಾಣರು. ಕಂಬಳಿಯನ್ನು ಬೂದಿನೀರಿನಲ್ಲಿ ನೆನೆಸಿ, ಮಾಳಿಗೆಯ ಮೇಲೆ ಎಂಟು ದಿನ ಬಿಸಿಲಿಗೆ ಹಾಕಿ, ಕೆಸರಿನ ಬಣ್ಣ ಬರಿಸಿ ತಂದರು. ಅವರ ಕಂಬಳಿಗಳಿಗೆ 'ಶುದ್ಧ ಕಪ್ಪು' ಎಂಬ ಮೊಹರು ಬಿತ್ತು. ಈರಬಸಪ್ಪ ಬೂದಿ ಕಲಸಲಿಲ್ಲ. ಅದಕ್ಕೆ ತತ್ವವೇನೂ ಕಾರಣವಲ್ಲ. ಹಾಗೆ ಮಾಡಿದರೆ ಗಂಗಕ್ಕ ಅನ್ನ ಹಾಕುವುದಿಲ್ಲ ಎಂದಿದ್ದಳು.

ಹೆಚ್ಚುವರಿ ಕಪ್ಪು ಎಲ್ಲಿಂದ ಬರುತ್ತಿದೆ ಎಂದು ಸಂಘ ವಿಚಾರಣೆ ನಡೆಸಿತು. ಕಂಬಳಿಯಿಂದ ನೂಲಿಗೆ, ನೂಲಿನಿಂದ ಉಣ್ಣೆಗೆ, ಉಣ್ಣೆಯಿಂದ ಕುರಿಗೆ, ಕುರಿಯಿಂದ ಅದರ ತಂದೆಗೆ ಹೋಗಿ ವಿಚಾರಣೆ ನಿಂತಿತು. ಆ ವರ್ಷ ಎಲ್ಲ ಇಲಾಖೆಗಳಿಗೂ ಗುರಿ ಇತ್ತು. ಮನುಷ್ಯರನ್ನು ಬೇರೆ ಇಲಾಖೆಯವರು ನೋಡಿಕೊಳ್ಳುತ್ತಿದ್ದರು. ಪಾಲಯ್ಯನವರಿಗೆ ಮಾರ್ಚ್ ಅಂತ್ಯದೊಳಗೆ ನಲವತ್ತು ಟಗರುಗಳ ಬೀಜ ಒಡೆಯುವ ಗುರಿ ಕೊಟ್ಟಿದ್ದರು. ಮೂವತ್ತೊಂಬತ್ತು ಮುಗಿದಿದ್ದವು.

ನೋಟೀಸು ಬಂತು: "ನಿಮ್ಮ ದೊರೆ ಎಂಬ ಟಗರನ್ನು ಇದೇ ತಿಂಗಳ ೨೯ರ ಸೋಮವಾರ ಯಂತ್ರದ ಮುಂದೆ ಹಾಜರುಪಡಿಸತಕ್ಕದ್ದು. ನಿಗದಿಗಿಂತ ಹೆಚ್ಚು ಕಪ್ಪೆಂದು ರುಜುವಾತಾದಲ್ಲಿ, ಸದರಿ ಕಪ್ಪು ಮುಂದುವರಿಯದಂತೆ ಸ್ಥಳದಲ್ಲಿಯೇ ಕ್ರಮ ಕೈಗೊಳ್ಳಲಾಗುವುದು."

ಈರಬಸಪ್ಪ ಅದನ್ನು ಹೆಂಡತಿಗೆ ಓದಿ ಹೇಳಿದ. ಗಂಗಕ್ಕ ರಾಟೆ ನಿಲ್ಲಿಸಲಿಲ್ಲ.

"ಕ್ರಮ ಅಂದ್ರೆ?"

"ಇಕ್ಕಳ ಹಾಕ್ತಾರಂತೆ."

"ದೊರೆಗಾ?"

"ಹೂಂ. ಇಲ್ಲಾಂದ್ರೆ ಇಷ್ಟು ಬೂದಿ ಬಳ್ದು ಕರ್ಕಂಡು ಹೋಗಾಣ ಅಂತ..."

"ದೊರೆಗೆ ಬೂದಿ ಬಳಿಯೋ ಬದ್ಲು ನೀನೇ ಹೋಗಿ ಇಕ್ಕಳದ ಮುಂದೆ ಕುಂತ್ಕ. ಹೆಂಗೂ ರುಜು ಹಾಕಿರೋನು ನೀನು. ನಿನ್ನಿಂದ ಇನ್ನೇನು ಆಗಾದೈತೆ?"

ಈರಬಸಪ್ಪ ಎದ್ದು ರೊಪ್ಪಕ್ಕೆ ಹೋದ. ದೊರೆ ಬೇಲಿಯ ಗೂಟಕ್ಕೆ ಹಣೆ ಉಜ್ಜುತ್ತಿತ್ತು. ಮುಂದೆ ಯಾವುದೇ ಟಗರು ಬರಲಿ, ಮೂರು ಹೆಜ್ಜೆ ಹಿಂದಕ್ಕೆ ಹೋಗಿ ಗುಮ್ಮುವುದು ಅದರ ಪದ್ಧತಿ. ಗಂಗಕ್ಕ ನೀರು ಕುಡಿಸುವ ಮಣ್ಣಿನ ಬಾನಿಯಲ್ಲಿ ತನ್ನದೇ ನೆರಳು ಕಂಡು ದೊರೆ ಎರಡು ಬಾನಿ ಒಡೆದಿತ್ತು. ಈರಬಸಪ್ಪ ಒಡೆದ ಬಾನಿಯ ಚೂರುಗಳನ್ನು ತುಸು ಹೊತ್ತು ನೋಡಿದ. ಆಮೇಲೆ ಬಂದು ಊಟಕ್ಕೆ ಕುಳಿತ.

ಸೋಮವಾರ ದೊರೆಯನ್ನು ಬಸ್ಸಿನ ಮೇಲೆ ಏರಿಸಿ ಹಿರಿಯೂರಿಗೆ ತಂದ. ಸಂಘದಲ್ಲಿ ಕರೆಂಟು ಹೋಗಿತ್ತು, ಆದ್ದರಿಂದ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಪಾಲಯ್ಯನವರು ಇಕ್ಕಳವನ್ನು ಮೇಜಿನ ಮೇಲೆ ಒರಸಿ ಇಟ್ಟಿದ್ದರು, ಪಕ್ಕದಲ್ಲಿ ರಿಜಿಸ್ಟರ್ ಬಿಚ್ಚಿಟ್ಟು, ನಲವತ್ತನೆಯ ಸಾಲಿನ ಎದುರು ಪೆನ್ನಿಟ್ಟಿದ್ದರು.

"ಬರ್ರಿ, ಬರ್ರಿ" ಎಂದರು, ಈರಬಸಪ್ಪನಿಗಿಂತ ಹೆಚ್ಚಾಗಿ ಟಗರಿಗೆ.

"ಹತ್ರ ಹಿಡಿಯಪ್ಪ" ಎಂದರು ಮೂರ್ತಪ್ಪನವರು. "ಅಷ್ಟು ದೂರದಿಂದ ಏನು ನಿಖರತೆ ಬರ್ತೈತೆ?"

"ಇನ್ನೂ ಹತ್ರನಾ ಸಾಮಿ?"

"ಮೂತಿಗೆ ಮೂತಿ ತಾಗ್ಬೇಕು."

"ನೀವೇ ಹೇಳ್ತಿದೀರಿ."

"ನಾನೇ ಹೇಳ್ತಿದೀನಿ ಕಣಯ್ಯ!"

ಬಾಗಿಲ ಬೆಳಕು ದೊರೆಯ ಮೇಲೆ ಬಿದ್ದಿತ್ತು. ಆರಿದ ಗಾಜಿನೊಳಗೆ ಒಂದು ಟಗರು ಎದ್ದು ನಿಂತಿತು. ಕೆಸರು ಬಣ್ಣದ್ದು, ಕೊಂಬು ಸೊಟ್ಟಗೆ, ನೋಟ ಉದ್ಧಟತನದ್ದು. ದೊರೆ ಅದನ್ನು ನೋಡಿತು. ಒಂದು ಹೆಜ್ಜೆ ಹಿಂದಕ್ಕೆ ಬಂತು. ಇನ್ನೊಂದು. ಮತ್ತೊಂದು.

ಹಗ್ಗ ಬಿಗಿಹಿಡಿಯಬೇಕಾದ ಹೊತ್ತು ಅದು. ಅಂಗೈ ಬೆವರಿ ಹಗ್ಗ ಜಾರಿತೆಂದು ಈರಬಸಪ್ಪ ಆಮೇಲೆ ಹೇಳಿಕೆ ಕೊಟ್ಟ. ಹೇಳಿಕೆಯನ್ನು ಅಂಗೀಕರಿಸಲಾಗಿದೆ.

ಶಬ್ದ ಬಸ್ ನಿಲ್ದಾಣದವರೆಗೆ ಕೇಳಿತು. ಯಾವುದೋ ಲಾರಿಯ ಟೈರು ಒಡೆಯಿತೆಂದುಕೊಂಡು ಅಲ್ಲಿ ಯಾರೂ ಏಳಲಿಲ್ಲ. ಸಂಘದೊಳಗೆ ಗಾಜು ನೆಲದ ತುಂಬ ಹರಡಿತ್ತು. ಪಾಲಯ್ಯನವರು ಬೀರುವಿನ ಹಿಂದೆ ಇದ್ದರು. ದೊರೆ ಪೆಟ್ಟಿಗೆಯೊಳಗೆ ತಲೆಯಿಟ್ಟು, ಎದುರಾಳಿ ಎಲ್ಲಿ ಓಡಿಹೋದ ಎಂದು ಹುಡುಕುತ್ತಿತ್ತು.

ಮೊದಲು ಮಾತಾಡಿದವರು ಮೂರ್ತಪ್ಪನವರು. "ಸರ್ಕಾರದ ಸ್ವತ್ತು. ನಾಳಿದ್ದು ಮಾರ್ಚ್ ಮುವ್ವತ್ತೊಂದು. ಯಂತ್ರ ಒಡೀತು ಅಂತ ಬರೆದ್ರೆ ನನ್ನ ಕೆಲಸ ಹೋಗ್ತೈತೆ. ಈರಬಸಪ್ಪ, ನಿನ್ನ ಟಗರು ಜಪ್ತಿಯಾಗ್ತೈತೆ."

ಜಪ್ತಿಯ ಮಾತು ಈರಬಸಪ್ಪನ ಯೋಚನೆಯಲ್ಲಿರಲಿಲ್ಲ. ದೊರೆಯ ಕೊಂಬು ಹಿಡಿದು ಹಿಂದಕ್ಕೆಳೆಯಲು ಹೋದವನು ಹಾಗೆಯೇ ನಿಂತ. ದೊರೆಯ ತಲೆ ಎಲ್ಲಿ ಮುಗಿಯುತ್ತದೆ, ಪೆಟ್ಟಿಗೆಯ ಕತ್ತಲೆ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತಿರಲಿಲ್ಲ.

"ಸಾಮಿ" ಎಂದ, ಮೆಲ್ಲಗೆ. "ಈಗ ಬಣ್ಣ ಕೂಡ್ತೈತೆ ನೋಡ್ರಿ."

ಮೂರ್ತಪ್ಪನವರು ಬಗ್ಗಿ ನೋಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ಪಾಲಯ್ಯನವರನ್ನು ಬೀರುವಿನ ಹಿಂದಿನಿಂದ ಕರೆಸಿ ನೋಡಿಸಿದರು. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ವರದಿ ಅಂದೇ ಹೋಯಿತು: "ಯಂತ್ರದ ಮುಂಭಾಗದಲ್ಲಿದ್ದ ಗಾಜು ಬಣ್ಣದ ನಿಖರತೆಗೆ ಅಡ್ಡಿಯಾಗಿರುವುದು ಪರೀಕ್ಷೆಯಲ್ಲಿ ಕಂಡುಬಂದು, ಸದರಿ ಗಾಜನ್ನು ನಿವಾರಿಸಲಾಗಿದೆ. ಯಂತ್ರವು ಈಗ ಪೂರ್ಣ ನಿಖರವಾಗಿದೆ." ದುರಸ್ತಿ ಮಾಡಿದವರ ಹೆಸರು ಎಂಬಲ್ಲಿ 'ಶ್ರೀ ದೊರೆ, ಜವನಗೊಂಡನಹಳ್ಳಿ' ಎಂದು ಬರೆಯಲಾಯಿತು.

ಪಾಲಯ್ಯನವರ ಕಷ್ಟ ಮಾತ್ರ ಉಳಿಯಿತು. ನಿಗದಿಗೆ ಸರಿಯಾಗಿ ಕಪ್ಪಗಿರುವ ಟಗರಿಗೆ ಇಕ್ಕಳ ಹಾಕುವಂತಿಲ್ಲ, ಸಾಲು ಖಾಲಿ ಬಿಡುವಂತಿಲ್ಲ. ಅವರು ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ಬರೆದರು: 'ನಲವತ್ತು. ಸ್ಥಳ: ಸಂಘದ ಕಚೇರಿ. ಕಾಲು: ನಾಲ್ಕು. ಬಣ್ಣ: ಕಪ್ಪು-ಬಿಳುಪು. ಕ್ರಮ ಪೂರ್ಣಗೊಂಡಿದೆ.' ಟೆಲಿವಿಷನ್ ಇನ್ನು ಮರಿ ಹುಟ್ಟಿಸಲಾರದು ಎಂಬುದರಲ್ಲಿ ಸುಳ್ಳೇನೂ ಇರಲಿಲ್ಲ. ಗುರಿ ಮುಟ್ಟಿದ್ದಕ್ಕೆ ಅವರಿಗೆ ಪ್ರಶಂಸಾಪತ್ರ ಬಂತು.

ಏಪ್ರಿಲ್‌ನಿಂದ ಪರೀಕ್ಷೆ ಪೆಟ್ಟಿಗೆಯ ಒಳಗೆ ನಡೆಯುತ್ತಿದೆ. ಕಂಬಳಿಯ ಅಂಚನ್ನು ಒಳಗಿಟ್ಟು ನೋಡುತ್ತಾರೆ. ಕಾಣದಿದ್ದರೆ ಕಪ್ಪು. ಬೂದಿನೀರಿನಲ್ಲಿ ನೆನೆಸಿದವರ ಕಂಬಳಿಗಳೆಲ್ಲ ಕಂಡುಬಿಟ್ಟವು, ವಾಪಸಾದವು. ಅವರು ಈಗ ಅವನ್ನು ಇದ್ದಿಲಿನ ನೀರಿನಲ್ಲಿ ನೆನೆಸುತ್ತಾರೆ. ಯಂತ್ರದ ಕುರಿತು ಯಾರದೂ ದೂರಿಲ್ಲ. ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ದೊರೆಗೆ ಕಾಗದ ಬರುತ್ತದೆ, ಯಂತ್ರದ ನಿಖರತೆ ಪರಿಶೀಲಿಸಲು. ಹೋಗಿ ತಲೆಯಿಟ್ಟು ನೋಡಿ ಬರುತ್ತದೆ. ಬಸ್ ಚಾರ್ಜು ಮತ್ತು ಒಂದು ಸೇರು ಹುರುಳಿ ಮಂಜೂರಾಗಿದೆ.

ಒಂದೇ ಒಂದು ತೊಡಕು ಬಂದದ್ದು ಬಿಳಿಯದು. ಪೆಟ್ಟಿಗೆಯಲ್ಲಿ ಈಗ ಬಿಳಿ ಹತ್ತುವುದಿಲ್ಲ. ಯಂತ್ರ ತೋರಿಸದ ಬಣ್ಣಕ್ಕೆ ಆಧಾರವಿಲ್ಲ, ಆಧಾರವಿಲ್ಲದ್ದನ್ನು ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. ತಾಲ್ಲೂಕಿನ ಬಿಳಿ ಕುರಿಗಳನ್ನೆಲ್ಲ ಸದ್ಯಕ್ಕೆ 'ಕಪ್ಪು, ಪರಿಶೀಲನೆಯಲ್ಲಿ' ಎಂದು ನಮೂದಿಸಲಾಗಿದೆ. ಮೊದಮೊದಲು ಜನ ನಕ್ಕರು. ಆಮೇಲೆ ಸಂತೆಯಲ್ಲಿಯೂ ಹಾಗೆಯೇ ಕೇಳತೊಡಗಿದರು.

ಮರುವರ್ಷ ದೀಪಾವಳಿಯ ಹೊತ್ತಿಗೆ ಈರಬಸಪ್ಪನ ರೊಪ್ಪದಲ್ಲಿ ಕುರಿಯೊಂದು ಮರಿ ಹಾಕಿತು. ಗಂಗಕ್ಕ ಒಲೆಯ ಮುಂದಿನಿಂದ ಕೂಗಿದಳು.

"ಏನು ಬಣ್ಣ?"

ಈರಬಸಪ್ಪ ಮರಿಯನ್ನು ಎತ್ತಿ ನೋಡಿದ. ಆಗ ತಾನೇ ಕರೆದ ಹಾಲಿನ ನೊರೆಯ ಹಾಗಿತ್ತು.

"ಕಪ್ಪು" ಎಂದ. "ಪರಿಶೀಲನೆಯಾಗೈತೆ."

"ಸರಿ ಬಿಡು" ಎಂದಳು ಗಂಗಕ್ಕ. "ಅಪ್ಪನ ಬಣ್ಣನೇ ಬಂದೈತೆ."